ಆಟಿಕೆಯೆಂದು ಕೊಂಡ ವಾಹನ

ಸ್ಕೂಟರ್ ಎಂದರೆ ನಮ್ಮ ಕಿವಿಗೆ ಮೊದಲು ಬೀಳುವುದು ಇಂಜಿನ್ ಸದ್ದು. ಇಲ್ಲಿ ಹೇಳುತ್ತಿರುವುದು ಒಂದು ಕಾಲು ಹಲಗೆಯ ಮೇಲಿಟ್ಟು ಇನ್ನೊಂದರಿಂದ ನೆಲ ಒದೆಯುತ್ತಾ ಸಾಗುವ ಕಿಕ್ ಸ್ಕೂಟರ್ ಬಗ್ಗೆ. ಹುಟ್ಟುಹಬ್ಬಕ್ಕೆ ಕೊಡಿಸುತ್ತೇವೆ, ಆರು ತಿಂಗಳಲ್ಲಿ ಗಡಗಡ ಅನ್ನತೊಡಗುತ್ತದೆ, ಬಾಲ್ಕನಿ ಮೂಲೆ ಸೇರುತ್ತದೆ. ಹೀಗಾಗಲು ಕಾರಣ ಅದರ ಹುಟ್ಟಿನ ಕಥೆಯಲ್ಲೇ ಇದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಲಗೆಗೆ ಗಾಲಿ ಹೊಡೆದು ಓಡಿಸುವುದು ಹಳೆಯ ಆಟ. ಹಣ್ಣಿನ ಪೆಟ್ಟಿಗೆಗೆ ರೋಲರ್ ಸ್ಕೇಟಿನ ಕಬ್ಬಿಣದ ಗಾಲಿ ಜೋಡಿಸಿ ಅಮೆರಿಕದ ಬೀದಿಮಕ್ಕಳು ನೂರು ವರ್ಷದ ಹಿಂದೆಯೇ ಆಡುತ್ತಿದ್ದರು. ಇಂದಿನ ಮಡಚುವ ಸ್ಕೂಟರಿನ ಹುಟ್ಟು ಬೇರೆ. 1990ರ ಸುಮಾರಿಗೆ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ ವಿಮ್ ಔಬೊಟರ್ ಎಂಬ ಬ್ಯಾಂಕ್ ಉದ್ಯೋಗಿಗೆ ತನ್ನ ಮೆಚ್ಚಿನ ಅಂಗಡಿಯ ಸಾಸೇಜ್ ತಿನ್ನುವ ಆಸೆಯಾಯಿತು. ನಡೆಯಲು ದೂರ, ಸೈಕಲ್ ಹೊರತೆಗೆಯಲು ತೀರಾ ಹತ್ತಿರ. ಆ ನಡುವಿನ ದೂರಕ್ಕೆಂದು ಮಾಡಿದ ಮಾದರಿ ಗ್ಯಾರೇಜಿನಲ್ಲಿ ಬಹುಕಾಲ ಬಿದ್ದಿತ್ತು. ಅಕ್ಕಪಕ್ಕದ ಮಕ್ಕಳು ಅದಕ್ಕೆ ಮುಗಿಬಿದ್ದದ್ದನ್ನು ನೋಡಿದ ಹೆಂಡತಿ ಒತ್ತಾಯಿಸಿದ ಮೇಲೆ ಅದು ಕಂಪನಿಯಾಯಿತು. ಅದೇ ಮೈಕ್ರೋ.

ತೈವಾನಿನ ಜೆ.ಡಿ. ಕಾರ್ಪೊರೇಷನ್ನಿನ ಜಿನೊ ತ್ಸೈ ಕೂಡ ಈ ಕಥೆಯಲ್ಲಿದ್ದಾರೆ. ದೊಡ್ಡ ಕಾರ್ಖಾನೆಯೊಳಗೆ ಬೇಗ ಓಡಾಡಲೆಂದು ತಾನೇ ಇದನ್ನು ರೂಪಿಸಿದೆ ಎಂಬುದು ಅವರ ಕಡೆಯವರ ಮಾತು. ಸ್ಕೂಟರ್ ತಯಾರಾದದ್ದಂತೂ ಅವರ ಕಂಪನಿಯಲ್ಲೇ. 1999ರಲ್ಲಿ ಜಪಾನಿನಲ್ಲಿ ಹುಚ್ಚು ಹತ್ತಿತು, 2000ದಲ್ಲಿ ರೇಜರ್ ಹೆಸರಿನಲ್ಲಿ ಅಮೆರಿಕವನ್ನು ಆವರಿಸಿತು. ಯಾರ ಕಥೆ ಹಿಡಿದರೂ ಒಂದು ಮಾತು ನಿಜ: ಇದನ್ನು ಯೋಚಿಸಿದ್ದು ದೊಡ್ಡವನೊಬ್ಬ, ತನ್ನ ಓಡಾಟಕ್ಕಾಗಿ. ಮಾರಾಟವಾದದ್ದು ಮಾತ್ರ ಮಕ್ಕಳ ಆಟಿಕೆಯಾಗಿ.

ಪರಿಣಾಮ ಅದೇ ವರ್ಷ ಕಂಡಿತು. 2000ದ ಮೊದಲ ಹತ್ತು ತಿಂಗಳಲ್ಲಿ ಸ್ಕೂಟರ್ ಗಾಯಗಳಿಗೆ ಅಮೆರಿಕದ ತುರ್ತು ಚಿಕಿತ್ಸಾ ವಿಭಾಗಗಳಿಗೆ ಬಂದವರು ಸುಮಾರು 27,600 ಮಂದಿ ಎಂದು ಅಲ್ಲಿನ ಸರ್ಕಾರಿ ಅಂದಾಜು. ಬಹುಪಾಲು 15 ದಾಟದ ಮಕ್ಕಳು.

ಏಕೆ ಬೀಳುತ್ತಾರೆ? ಗಾಲಿ ನೋಡಿ. ಇದು ಇನ್‌ಲೈನ್ ಸ್ಕೇಟಿನ (ಒಂದೇ ಸಾಲಿನಲ್ಲಿ ಗಾಲಿಯಿರುವ ಸ್ಕೇಟು) ಪಾಲಿಯುರೆಥೇನ್ ಗಾಲಿಯ ತಮ್ಮ: ಸುಮಾರು 100 ಮಿ.ಮೀ. ವ್ಯಾಸ, ಒಳಗೆ ಅದೇ 608 ಅಳತೆಯ ಬೇರಿಂಗ್. ಸ್ಕೇಟುಗಳ ಭರಾಟೆಯಿಂದ ಈ ಗಾಲಿ, ಬೇರಿಂಗು ಅಗ್ಗವಾಗಿದ್ದವು. ಅಲ್ಯೂಮಿನಿಯಂ ಚೌಕಟ್ಟೂ ಮಡಚುವ ಕೀಲೂ ಸೇರಿ ಮೂರು ಕಿಲೋ ಒಳಗಿನ ವಾಹನವಾಯಿತು. ಚಿಕ್ಕ ಗಾಲಿಯಿದ್ದರೇನೇ ಅದು ಬ್ಯಾಗಿಗೆ ಹಿಡಿಯುವುದು. ಬೀಳಿಸುವುದೂ ಅದೇ ಚಿಕ್ಕ ಗಾಲಿ. ನಿಧಾನವಾಗಿ ತಳ್ಳುತ್ತಾ 10 ಮಿ.ಮೀ. ಎತ್ತರದ ಕಲ್ಲು ಹತ್ತಿಸಲು 100 ಮಿ.ಮೀ. ಗಾಲಿಗೆ, ಅದರ ಮೇಲಿರುವ ಭಾರದ ಮುಕ್ಕಾಲು ಪಾಲು ಬಲ ಬೇಕು. 200 ಮಿ.ಮೀ. ಗಾಲಿಗೆ ಅರ್ಧಕ್ಕಿಂತ ತುಸು ಕಡಿಮೆ, ದೊಡ್ಡವರ ಸೈಕಲ್ ಗಾಲಿಗೆ ಕಾಲು ಪಾಲು. ಕಲ್ಲು 20 ಮಿ.ಮೀ. ಆದರೆ ಚಿಕ್ಕ ಗಾಲಿಗೆ ಭಾರಕ್ಕಿಂತಲೂ ಹೆಚ್ಚು ಬಲ ಬೇಕು. ಗಾಲಿ ಅಲ್ಲೇ ನಿಲ್ಲುತ್ತದೆ, ಮಗು ಹ್ಯಾಂಡಲ್ ಮೇಲಿಂದ ಮುಂದೆ ಹೋಗುತ್ತದೆ, ಕೈ ಊರುತ್ತದೆ. ಬೆಂಗಳೂರಿನಲ್ಲಿ ಎದ್ದು ನಿಂತ ಪೇವರ್ ಕಲ್ಲು, ಚರಂಡಿಯ ಜಾಲರಿ, ಹಂಪಿನ ಅಂಚು ಎಲ್ಲವೂ ಇದಕ್ಕೆ ಸಾಲುತ್ತವೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆ ನುಣುಪಾಗಿರುತ್ತದೆ ನಿಜ, ಆದರೆ ಅಲ್ಲಿ ಕಾರು ಹಿಂದಕ್ಕೆ ಬರುತ್ತದೆ. ಹೆಲ್ಮೆಟ್ ಜೊತೆಗೆ ಮಣಿಕಟ್ಟಿನ ಗಾರ್ಡೂ ಇರಲಿ.

ಬ್ರೇಕಿಗೆ ಬನ್ನಿ. ಹಿಂದಿನ ಮಡ್‌ಗಾರ್ಡನ್ನು ಹಿಮ್ಮಡಿಯಿಂದ ಒತ್ತಿದರೆ ಅದು ಗಾಲಿಗೆ ಉಜ್ಜಿ ನಿಲ್ಲಿಸುತ್ತದೆ. ಭಾರ ಮುಂದಕ್ಕೆ ವಾಲಿದ್ದರೆ ಹಿಂಗಾಲಿ ಬರೀ ಜಾರುತ್ತದೆ, ಆದ್ದರಿಂದ ದೇಹ ಹಿಂದಕ್ಕೆ ತಂದೇ ಒತ್ತಬೇಕು. ಮಳೆಯಲ್ಲಿ ನೀರಿನ ಪದರ ಕೂತರೆ ಹಿಡಿತ ತೀರಾ ಕಡಿಮೆ. ಗಾಲಿ ತಿರುಗದಷ್ಟು ಗಟ್ಟಿಯಾಗಿ ಒತ್ತಿ ಜಾರಿಕೊಂಡು ಬಂದರೆ ಅದು ಒಂದೇ ಕಡೆ ಚಪ್ಪಟೆಯಾಗಿ ಆಮೇಲೆ ಪ್ರತಿ ಸುತ್ತಿಗೂ ಟಕ್ ಟಕ್ ಎನ್ನುತ್ತದೆ. ಇಳಿಜಾರಿನಲ್ಲಿ ಒತ್ತಿಕೊಂಡೇ ಬಂದರೆ ಬ್ರೇಕಿನ ಲೋಹ ಸುಡುವಷ್ಟು ಕಾದಿರುತ್ತದೆ. ಇಳಿದ ಕೂಡಲೇ ಮುಟ್ಟಲು ಬಿಡಬೇಡಿ.

ಇನ್ನು ಆ ಗಡಗಡ. ಹ್ಯಾಂಡಲ್ ಹಿಡಿದು ಮುಂಗಾಲಿ ಒಂದು ಗೇಣು ಎತ್ತಿ ಅಲುಗಿಸಿ. ಸಡಿಲು ಮಡಚುವ ಕೀಲಿನಲ್ಲಿದ್ದರೆ ಅದರ ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿ, ಲಿವರ್ ಪೂರ್ತಿ ಮುಚ್ಚಿಕೊಳ್ಳುತ್ತದೆಯೇ ನೋಡಿ. ಹ್ಯಾಂಡಲ್ ಎತ್ತರದ ಸ್ಪ್ರಿಂಗ್ ಗುಂಡಿ ತೂತಿನಿಂದ ಪೂರ್ತಿ ಹೊರಬಂದಿರಬೇಕು. ಅರ್ಧ ಬಂದಿದ್ದರೆ ತಿರುವಿನಲ್ಲಿ ಹ್ಯಾಂಡಲ್ ಕುಸಿಯುತ್ತದೆ.

ಗಾಲಿಯೇ ಕರಕರ ಎಂದರೆ ಬೇರಿಂಗ್ ಹೋಗಿದೆ. ಅಚ್ಚಿನ ಎರಡೂ ಬದಿಗೆ ಒಂದೊಂದು ಆರು ಮೂಲೆಯ ಅಲೆನ್ ಕೀ ಹಾಕಿ (ಹೆಚ್ಚಿನವಕ್ಕೆ 5 ಮಿ.ಮೀ.), ಒಂದನ್ನು ಹಿಡಿದು ಇನ್ನೊಂದನ್ನು ತಿರುಗಿಸಿ ಬಿಚ್ಚಿ. ಸ್ಕ್ರೂಡ್ರೈವರ್ ಓರೆ ಹಿಡಿದು ಮೀಟಿದರೆ ಬೇರಿಂಗ್ ಹೊರಬರುತ್ತದೆ. ಒಂದು ಗಾಲಿಗೆ ಎರಡು. ಬೇರಿಂಗ್ ಅಂಗಡಿಯಲ್ಲಿ 608 ಎಂದರೆ ಸಾಕು: ಒಳತೂತು 8, ಹೊರಸುತ್ತು 22, ದಪ್ಪ 7 ಮಿ.ಮೀ. ಧೂಳು, ಮಳೆ ಹೆಚ್ಚಿರುವ ಊರಿಗೆ ರಬ್ಬರ್ ಸೀಲ್ ಇರುವುದನ್ನೇ ಕೇಳಿ. ಎರಡು ಬೇರಿಂಗುಗಳ ನಡುವೆ ಪುಟ್ಟ ಲೋಹದ ಕೊಳವೆ ಇರುತ್ತದೆ. ಅದನ್ನು ಮರೆತು ಬಿಗಿ ಮಾಡಿದರೆ ಬೇರಿಂಗ್ ಪಕ್ಕದಿಂದ ಅದುಮಿ ಗಾಲಿ ತಿರುಗುವುದೇ ಇಲ್ಲ, ಹೊಸ ಬೇರಿಂಗೂ ಹಾಳು. ಮನೆಯಲ್ಲೇ ರಿಪೇರಿ ಮಾಡುವವರು ಹೆಚ್ಚು ಎಡವುವುದು ಇಲ್ಲೇ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಎರಡು ದಿನ ಸದ್ದಡಗುತ್ತದೆ, ಆದರೆ ಒಳಗಿನ ಗ್ರೀಸ್ ತೊಳೆದುಹೋಗುತ್ತದೆ. ಬೋಲ್ಟಿನ ಸುರುಳಿ ಗೆರೆಗಳಿಗೆ ಒಂದು ಹನಿ ಥ್ರೆಡ್‌ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ ಬಿಗಿಯಿರಿ. ಇಲ್ಲದಿದ್ದರೆ ಕಂಪನಕ್ಕೆ ತಾನೇ ಬಿಚ್ಚಿಕೊಳ್ಳುತ್ತದೆ.

ದೊಡ್ಡವರಿಗೆ ಬೇಕಿದ್ದರೆ ಮಕ್ಕಳದ್ದರ ಹ್ಯಾಂಡಲ್ ಎತ್ತರಿಸಿ ಹತ್ತಬೇಡಿ. ಅದರ ಮೇಲೆ ಬರೆದ ಭಾರದ ಮಿತಿ ಓದಿ, ಹಲವು 50–65 ಕಿಲೋಗೇ ನಿಲ್ಲುತ್ತವೆ. 200 ಮಿ.ಮೀ. ಗಾಲಿ, ಸೊಂಟದಿಂದ ಹೊಕ್ಕುಳ ನಡುವಿನ ಎತ್ತರದ ಹ್ಯಾಂಡಲ್, ನೆಲಕ್ಕೆ ಆದಷ್ಟು ಹತ್ತಿರದ ಹಲಗೆ ನೋಡಿ ಕೊಳ್ಳಿ. ಹಲಗೆ ಎತ್ತರವಾದಷ್ಟೂ ಪ್ರತಿ ಒದೆತಕ್ಕೆ ನಿಂತ ಕಾಲಿನ ಮಂಡಿ ಹೆಚ್ಚು ಬಗ್ಗಬೇಕು. ಅರ್ಧ ಕಿಲೋಮೀಟರಿಗೇ ತೊಡೆ ಹಿಡಿದುಕೊಳ್ಳುತ್ತದೆ. ಹತ್ತು ಒದೆತಕ್ಕೊಮ್ಮೆ ಕಾಲು ಬದಲಿಸಿ.