ಮೂರನೇ ತಡಮೆಯಲ್ಲಿ ನಿಂತ ಹಾಳೆ

ಕಾಸರಗೋಡಿನ ಬದಿಯಡ್ಕದ ಹತ್ತಿರದ ನಮ್ಮ ಅಡಿಕೆ ಹಾಳೆತಟ್ಟೆ ಸಂಘಕ್ಕೆ ಕಳೆದ ಏಪ್ರಿಲ್ ಸೆಕೆಯಲ್ಲಿ ಇನೋವೇಶನ್ ಬಂತು. ಜೊತೆಗೊಂದು ಪ್ರೊಜೆಕ್ಟರ್, ಟೈ ಕಟ್ಟಿದ ಒಬ್ಬ ಸಲಹೆಗಾರ.

ಗೋಡೆಯ ಮೇಲೆ ಮೊದಲು ಮೂಡಿದ್ದು ಲಾಳಿಕೆಯ ಚಿತ್ರ. ಮೇಲೆ ನೂರು ಐಡಿಯಾ ಸುರಿದರೆ ಕೆಳಗೆ ಒಂದೇ ಒಂದು ಚಿನ್ನದಂಥದ್ದು ಇಳಿಯುತ್ತದಂತೆ. "ಲಾಳಿಕೆಯಲ್ಲಿ ಸುರಿದದ್ದೆಲ್ಲಾ ಇಳಿಯುವುದಲ್ವಾ? ಇವರು ಹೇಳುವುದು ಜರಡಿ" ಎಂದು ಭಾವ ಕಿವಿಯಲ್ಲಿ ಪಿಸುಗುಟ್ಟಿದರು.

ಆಮೇಲೆ ಸ್ಟೇಜ್-ಗೇಟ್. 1980ರ ದಶಕದಲ್ಲಿ ಕೆನಡಾದ ರಾಬರ್ಟ್ ಕೂಪರ್ ಬೆಳೆಸಿದ ಪದ್ಧತಿ. ಒಂದೊಂದು ಹಂತ ಮುಗಿಸಿದ ಐಡಿಯಾ ಒಂದೊಂದು ಗೇಟಿನ ಮುಂದೆ ನಿಲ್ಲಬೇಕು. ಹೋಗು, ಸಾಯು, ಕಾಯು, ಇಲ್ಲವೇ ತಿದ್ದಿಕೊಂಡು ಬಾ. ತೋಟಕ್ಕೆ ನಾವೂ ತಡಮೆ ಇಡುತ್ತೇವೆ, ದನ ನುಗ್ಗದ ಹಾಗೆ. ಮನುಷ್ಯರನ್ನು ತಡೆಯಲಿಕ್ಕಲ್ಲ.

ನಮ್ಮಲ್ಲಿ ಇದ್ದದ್ದು ಒಂದೇ ಐಡಿಯಾ, ಭಾವನದ್ದು: ಮಳೆ ಹಿಡಿಯುವ ಮೊದಲೇ ಹಾಳೆ ಒಣಗಿಸಿ ಅಟ್ಟಕ್ಕೆ ಹಾಕುವುದು. ಮೊದಲ ಗೇಟಿನಲ್ಲೇ ಅರ್ಧ ಮೇ ಕಳೆಯಿತು. ಎರಡನೆಯದಕ್ಕೆ ಸಮೀಕ್ಷೆ. "ಗ್ರಾಹಕರ ನೋವು ಎಲ್ಲಿದೆ?" ಎಂಬ ಕಾಲಂನಲ್ಲಿ ಕಾರ್ಯದರ್ಶಿಗಳು "ಸೊಂಟದಲ್ಲಿ" ಎಂದು ಬರೆದರು. ಮೂರನೆಯದರ ಸಭೆ ಸೇರುವಾಗ ಜೂನ್ ಮಳೆ ಹೊಯ್ಯುತ್ತಿತ್ತು. ಅಂಗಳದ ಹಾಳೆಗೆ ಬೂಷ್ಟು. ತೀರ್ಪು ಬಂತು: ಕಾಯು.

ಸಲಹೆಗಾರರ ಚೀಲದಲ್ಲಿ ಡಿಸ್ರಪ್ಶನ್ ಕೂಡ ಇತ್ತು. ಹಾರ್ವರ್ಡ್ ಪ್ರೊಫೆಸರ್ ಕ್ಲೇಟನ್ ಕ್ರಿಸ್ಟೆನ್ಸನ್ ಅವರ 1997ರ ಪುಸ್ತಕದಿಂದ ಹೆಸರು ಮಾಡಿದ ಸಿದ್ಧಾಂತ. ಅಗ್ಗದ ಮಾಲು ಕೆಳಗಿನಿಂದ ಬಂದು ದೊಡ್ಡವರನ್ನು ಕೆಡವುತ್ತದೆ ಎಂಬ ಲೆಕ್ಕ. ಅದೇ ಕ್ರಿಸ್ಟೆನ್ಸನ್ 2007ರಲ್ಲಿ ಐಫೋನ್ ಗೆಲ್ಲುವುದು ಕಷ್ಟ ಎಂದಿದ್ದರು. 2014ರಲ್ಲಿ ಜಿಲ್ ಲೆಪೋರ್ ಎಂಬ ಇತಿಹಾಸಕಾರ್ತಿ ಅವರ ಉದಾಹರಣೆಗಳನ್ನೇ ಕೆದಕಿ, ಬಿದ್ದವು ಎಂದ ಕೆಲವು ಕಂಪನಿಗಳು ಬಿದ್ದೇ ಇಲ್ಲ ಎಂದು ತೋರಿಸಿದರು. ನಮ್ಮ ಸಲಹೆಗಾರರು ಇದೊಂದೂ ಹೇಳಲಿಲ್ಲ. ಸ್ಲೈಡ್ ಬದಲಿಸಿದ್ದು ಮಾತ್ರ ಐಫೋನಿನಿಂದಲೇ.

ನಮ್ಮ ಗುಡ್ಡಗಳಲ್ಲಿ ಮುರಕಲ್ಲು ಕೊರೆದು ಮಾಡಿದ ಸುರಂಗಗಳಿವೆ, ನೀರಿಗಾಗಿ. ನೀರು ಸಿಕ್ಕಿದ ಸುರಂಗ ನೋಡಲು ದೂರದಿಂದ ಜನ ಬರುತ್ತಾರೆ. ಕೊರೆದ ಅಜ್ಜ ಜಾಗ ಗುರುತಿಸಿದ್ದು ಹೇಗೆ ಎಂದು ಬರೆದುಕೊಳ್ಳುತ್ತಾರೆ. ಅದೇ ಅಜ್ಜ ಅದೇ ಗುರುತು ಹಿಡಿದು ಕೊರೆದ ಇನ್ನೊಂದು ಒಣಗಿದೆ, ಅದರೊಳಗೆ ಬಾವಲಿ. ಅದರ ಫೋಟೋ ಯಾರೂ ತೆಗೆಯುವುದಿಲ್ಲ. ಮ್ಯಾನೇಜ್‌ಮೆಂಟ್ ಮಾದರಿ ಬರೆಯುವವರೂ ನೀರಿದ್ದಲ್ಲೇ ಕೂತು ಬರೆದ ಹಾಗಿದೆ.

ಈ ವರ್ಷ ಸಲಹೆಗಾರರು ಪುನಃ ಬಂದರು. ಮಧ್ಯಾಹ್ನ ಊಟಕ್ಕೆ ಕೂತಾಗ ಮುಂದೆ ಕಾಗದದ ತಟ್ಟೆ.

"ಇದೇನು, ನಿಮ್ಮ ಹಾಳೆತಟ್ಟೆ ಎಲ್ಲಿ?"

"ಮೂರನೇ ಗೇಟಿನಲ್ಲಿ ನಿಂತಿದೆ ಸಾರ್," ಎಂದು ಭಾವ ಅನ್ನ ಬಡಿಸಿದರು.