ಒಂದು ಕಾಳು ಮೆಣಸು, ಎರಡು ಬೆಡ್‌ಶೀಟು

ಇಂಗ್ಲೆಂಡಿಗೆ ಕಾನೂನು ಓದಲು ಹೋದ ಎರಡನೇ ತಿಂಗಳಿಗೇ ಅಪ್ಪನಿಗೆ ನನ್ನ ಮೇಲಿದ್ದ ನಂಬಿಕೆ ಹೋಯಿತು. ‘ಈಗ ಏನು ಪಾಠ ನಡೀತಿದೆ?’ ಅಂದರು ಫೋನಿನಲ್ಲಿ. ‘ಲ್ಯಾಂಡ್ ಲಾ’ ಅಂದೆ.

‘ಅದಕ್ಕೆ ಅಷ್ಟು ದೂರ ಹೋಗಬೇಕಿತ್ತಾ ಮಾರಾಯ? ಪಹಣಿ ಯಾರ ಹೆಸರಲ್ಲಿದೆ ನೋಡಿದ್ರೆ ಮುಗೀತು.’

‘ಹಾಗಲ್ಲಪ್ಪ. 1066ರಲ್ಲಿ ವಿಲಿಯಂ ಯುದ್ಧ ಗೆದ್ದ ಮೇಲೆ ಇಲ್ಲಿನ ನೆಲವೆಲ್ಲ ದೊರೆಯದ್ದೇ. ಜನರ ಕೈಲಿರೋದು ಬರೀ ಎಸ್ಟೇಟ್.’

‘ಕಾಫಿಯಾ?’

ಮಲೆನಾಡಿನವರಿಗೆ ಎಸ್ಟೇಟ್ ಅಂದರೆ ಕಾಫಿ ಗಿಡ, ಸಿಲ್ವರ್ ಓಕು, ಗೇಟಿನಲ್ಲಿ ಕಟ್ಟಿಹಾಕಿದ ನಾಯಿ. ಇಂಗ್ಲಿಷರ ಎಸ್ಟೇಟಿಗೆ ಎಕರೆ-ಗುಂಟೆಯಲ್ಲ, ಕಾಲವೇ ಅಳತೆ. ಆ ನೆಲವನ್ನು ಎಷ್ಟು ಕಾಲ ಇಟ್ಟುಕೊಳ್ಳಬಹುದು ಎಂಬ ಹಕ್ಕು ಅದು. ಹಿಂದೆ ಬಗೆಬಗೆಯವು ಇದ್ದವಂತೆ. 1925ರ ಕಾಯ್ದೆ ಕಾನೂನಿನ ಲೆಕ್ಕಕ್ಕೆ ಎರಡನ್ನೇ ಉಳಿಸಿತು, ಅವಧಿಯ ಮಿತಿಯಿಲ್ಲದ ಫ್ರೀಹೋಲ್ಡು ಮತ್ತು ಇಂತಿಷ್ಟು ಕಾಲದ ಲೀಸು. ‘ಇಡೀ ಇಂಗ್ಲೆಂಡಿಗೆ ಎರಡೇ ಎಸ್ಟೇಟಾ? ಮೂಡಿಗೆರೆ ದಾಟೋದ್ರೊಳಗೆ ಇಪ್ಪತ್ತು ಸಿಗ್ತಾವೆ’ ಅಂದ ಅಪ್ಪ ಫೋನನ್ನು ಅಮ್ಮನ ಕೈಗೆ ಕೊಟ್ಟುಬಿಟ್ಟರು.

ಆದರೆ 999 ವರ್ಷದ ಲೀಸಿಗೆ ವರ್ಷಕ್ಕೆ ಒಂದೇ ಒಂದು ಕಾಳುಮೆಣಸನ್ನು ನೆಲಬಾಡಿಗೆ ಅಂತ ಬರೆದುಕೊಳ್ಳುವುದುಂಟು, 2022ರಲ್ಲಿ ಜಾರಿಗೆ ಬಂದ ಕಾಯ್ದೆಯ ಪ್ರಕಾರ ಹೊಸದಾಗಿ ಮಾಡುವ ಮನೆಗಳ ಉದ್ದನೆಯ ಲೀಸಿಗೆ ಹೆಚ್ಚಾಗಿ ಅದಕ್ಕಿಂತ ಜಾಸ್ತಿ ಕೇಳುವಂತೆಯೇ ಇಲ್ಲ ಅಂದಾಗ ಅಪ್ಪ ಫೋನು ವಾಪಸ್ ಇಸಕೊಂಡರು. ‘ಅಟ್ಟದ ಮೇಲೆ ಎರಡು ಚೀಲ ಇದೆ. ಲಂಡನ್ ಪೂರ್ತಿ ಬರುತ್ತಾ ಕೇಳು.’

ಇಷ್ಟಕ್ಕೇ ನಿಲ್ಲಿಸಿದ್ದರೆ ಸುಖವಾಗಿರುತ್ತಿದ್ದೆ. ಆಗ ಬಂತು ‘ಸ್ಟ್ರೀಟ್ ವರ್ಸಸ್ ಮೌಂಟ್‌ಫರ್ಡ್’, ಆಗ ಅಲ್ಲಿನ ಅತಿ ದೊಡ್ಡ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್‌ನ 1985ರ ತೀರ್ಪು. ಸ್ಟ್ರೀಟ್ ಎಂಬಾತ ಮೌಂಟ್‌ಫರ್ಡ್ ಎಂಬಾಕೆಗೆ ವಾರಕ್ಕೆ 37 ಪೌಂಡಿಗೆ ಕೋಣೆ ಕೊಟ್ಟು, ಇದು ಬಾಡಿಗೆಯಲ್ಲ, ಬರೀ ಪರವಾನಗಿ ಅಂತ ಕಾಗದದಲ್ಲಿ ಬರೆಸಿಕೊಂಡಿದ್ದ. ಬಾಡಿಗೆದಾರ ಅಂತಾದರೆ ಆಕೆಗೆ ಕಾನೂನಿನ ರಕ್ಷಣೆ ಸಿಕ್ಕಿಬಿಡುತ್ತಿತ್ತಲ್ಲ! ನ್ಯಾಯಾಧೀಶ ಲಾರ್ಡ್ ಟೆಂಪಲ್‌ಮನ್ ಒಪ್ಪಲಿಲ್ಲ. ಅಗೆಯಲಿಕ್ಕೆ ಐದು ಹಲ್ಲಿನ ಸಾಮಾನು ಮಾಡಿಟ್ಟು ಇದು ಸಲಿಕೆ ಅಂತ ಎಷ್ಟು ಹಠ ಮಾಡಿದರೂ ಅದು ಫೋರ್ಕೇ ಅಂದರು. ಕೋಣೆ ಪೂರ್ತಿ ನಿನ್ನ ವಶದಲ್ಲಿದ್ದು, ಇಂತಿಷ್ಟು ಅವಧಿ, ಇಂತಿಷ್ಟು ಬಾಡಿಗೆ ಅಂತಿದ್ದರೆ ನೀನು ಬಾಡಿಗೆದಾರ. ಮಾಲೀಕರು ಊಟ-ಉಪಚಾರಕ್ಕೆ, ಗುಡಿಸಿ ಒರೆಸಲಿಕ್ಕೆ ಬೇಕಾದಾಗ ಒಳಗೆ ಬರುವಂತಿದ್ದರೆ ನೀನು ಬರೀ ಲಾಡ್ಜರ್.

ನಾನಿದ್ದದ್ದು ಒಬ್ಬ ಅಜ್ಜಿಯ ಮನೆಯ ಮಹಡಿ ಕೋಣೆಯಲ್ಲಿ. ಪ್ರತಿ ಭಾನುವಾರ ಆಕೆ ಬಾಗಿಲು ತಟ್ಟದೆ ಬಂದು ಬೆಡ್‌ಶೀಟು ಬದಲಿಸಿ, ಒಗೆದ ಎರಡು ಶೀಟು ಮಡಚಿಟ್ಟು ಹೋಗುತ್ತಿದ್ದರು. ಅಂದರೆ ನಾನು ಲಾಡ್ಜರ್! ನಿದ್ದೆ ಬರಲಿಲ್ಲ. ಬೆಳಿಗ್ಗೆ ಟೋಸ್ಟು ತಿನ್ನುತ್ತಾ ಗಂಭೀರವಾಗಿ ಹೇಳಿಯೇಬಿಟ್ಟೆ: ‘ಇನ್ನು ಮೇಲೆ ಶೀಟು ನಾನೇ ಒಗೆದುಕೊಳ್ಳುತ್ತೇನೆ. ಕೋಣೆಗೆ ಬರುವ ಮುಂಚೆ ದಯವಿಟ್ಟು ಹೇಳಿ.’

ಅಜ್ಜಿ ಇಷ್ಟು ಖುಷಿಪಟ್ಟದ್ದು ನಾನು ನೋಡಿಯೇ ಇರಲಿಲ್ಲ. ‘ಅಬ್ಬಾ, ನನ್ನ ಮಂಡಿಗೆ ಆ ಮೆಟ್ಟಿಲು ಸಾಕಾಗಿತ್ತು’ ಅಂದರು.

ಮುಂದಿನ ಭಾನುವಾರ ಹೊದಿಕೆಗೆ ಕವರ್ ಹಾಕಲು ಕೂತೆ. ಎರಡು ಮೂಲೆ ಸಿಕ್ಕವು. ಮೂರನೆಯದನ್ನು ಹುಡುಕುತ್ತಾ ತಲೆ ಒಳಗೆ ತೂರಿಸಿದೆ, ಆಮೇಲೆ ಭುಜ, ಆಮೇಲೆ ನಾನೇ. ಒಳಗೆ ಮಬ್ಬು ಬಿಳಿ ಬೆಳಕು, ಸೋಪಿನ ವಾಸನೆ. ಹೊರಗೆ ಬರುವ ದಾರಿ ಗೊತ್ತಾಗದೆ ಅಲ್ಲೇ ಕೂತಾಗ, ಸಂಪೂರ್ಣ ನನ್ನ ವಶದಲ್ಲಿದ್ದ ಜಾಗ ಆ ದೇಶದಲ್ಲಿ ಇದೊಂದೇ ಅನ್ನಿಸಿತು. ಅದಾದ ಮೇಲೆ ಮೂರು ವಾರ ಶೀಟನ್ನು ಮುಟ್ಟಲಿಲ್ಲ.

ತರಗತಿಯಲ್ಲಿ ನನ್ನ ವಿಜಯವನ್ನು ವಿವರಿಸಿದೆ. ಟ್ಯೂಟರ್ ಕನ್ನಡಕ ತೆಗೆದು ಕೇಳಿದರು: ‘ಆಕೆ ಅದೇ ಮನೇಲಿದ್ದಾರಾ? ಅಡುಗೆಮನೆ ಇಬ್ಬರಿಗೂ ಒಂದೇನಾ? ಯಾವಾಗ ಬೇಕಾದರೂ ಕೋಣೆಗೆ ಬರುವ ಹಕ್ಕು ಕರಾರಿನಲ್ಲಿದೆಯಾ?’ ಎಲ್ಲಕ್ಕೂ ಹೌದು ಅಂದೆ. ‘ಹಾಗಾದರೆ ನೀನು ಆಗಲೂ ಲಾಡ್ಜರ್, ಈಗಲೂ ಲಾಡ್ಜರ್. ಈಗ ಕೊಳಕು ಶೀಟಿನ ಲಾಡ್ಜರ್, ಅಷ್ಟೆ.’

ಕ್ರಿಸ್‌ಮಸ್ ರಜೆಗೆ ಊರಿಗೆ ಬಂದವನು ಹೊರಡುವಾಗ ಅಪ್ಪ ಕಾಲು ಕೆ.ಜಿ. ಮೆಣಸು ಕಟ್ಟಿಕೊಟ್ಟರು. ‘ಕೊಡು ಆ ಅಜ್ಜಿಗೆ. ಮಗ ಇರೋವರೆಗೂ ಬಾಡಿಗೆ ಮುಂಗಡ ಅನ್ನು.’

ಅಜ್ಜಿ ಪೊಟ್ಟಣ ಬಿಚ್ಚಿ ಮೂಸಿದರು, ಒಂದು ಕಾಳು ಕಚ್ಚಿ ಕಣ್ಣಲ್ಲಿ ನೀರು ತಂದುಕೊಂಡರು, ಏನೂ ಹೇಳಲಿಲ್ಲ. ಆ ಭಾನುವಾರ ಲೈಬ್ರರಿಯಿಂದ ಬಂದು ನೋಡಿದರೆ ಕೋಣೆಯ ಬಾಗಿಲು ತೆರೆದಿತ್ತು, ಹಾಸಿಗೆಯ ಮೇಲೆ ಒಗೆದು ಮಡಚಿದ ಎರಡು ಬೆಡ್‌ಶೀಟು. ಟ್ಯೂಟರಿಗೆ ನಾನು ಹೇಳಲಿಲ್ಲ.