ಇಂಜಿನ್ ಬದಲಿಸಿದರೆ ಆರ್‌ಸಿಗೆ ಮತ್ತೆ 15 ವರ್ಷ ಸಿಗುತ್ತಾ?

ಪುಣೆಯ ನಮ್ಮ ಕನ್ನಡ ಬಳಗದ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಸುತ್ತುತ್ತಿದೆ: ‘ಹಳೆ ಮಾರುತಿ 800ಕ್ಕೆ ಬೇರೆ ಇಂಜಿನ್ ಕೂರಿಸಿ, ಆರ್‌ಸಿ ಮತ್ತೆ 15 ವರ್ಷ ನಡೆಯುತ್ತದೆ.’ ಇದು ನಿಜವಲ್ಲ.

15 ವರ್ಷದ ಲೆಕ್ಕ ಶುರುವಾಗುವುದು ಕಾರಿನ ಮೊದಲ ನೋಂದಣಿಯಿಂದ. ಇಂಜಿನ್ ಬದಲಾದರೂ ಆ ತಾರೀಕು ಬದಲಾಗುವುದಿಲ್ಲ. ಅವಧಿ ಮುಗಿದ ಮೇಲೆ ಆರ್‌ಟಿಒ ಗಾಡಿ ತಪಾಸಣೆ ಮಾಡಿ 5 ವರ್ಷಕ್ಕೆ ನವೀಕರಿಸುತ್ತದೆ, ಅಷ್ಟೆ.

ಸಂದೇಶದಲ್ಲಿ ಹೇಳದೇ ಬಿಟ್ಟ ಮಾತು ಇನ್ನೂ ಮುಖ್ಯ. ಇಂಜಿನ್ ನಂಬರ್ ಆರ್‌ಸಿಯಲ್ಲೇ ಇರುತ್ತದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಇಂಥ ಬದಲಾವಣೆಯ ಬಗ್ಗೆಯೇ ಇದೆ. ನಿಮ್ಮದು ಪಿಂಪ್ರಿ-ಚಿಂಚವಡದ ಎಂಎಚ್-14 ಗಾಡಿಯಾದರೆ ಮೊದಲು ಅಲ್ಲಿನ ಆರ್‌ಟಿಒ ಒಪ್ಪಿಗೆ ಪಡೆಯಿರಿ, ಆಮೇಲೆ ಗ್ಯಾರೇಜಿಗೆ ಹೋಗಿ. ಅದೇ ಮಾದರಿಯ ಇಂಜಿನ್ ಆದರೆ ಕೆಲಸ ಸುಲಭ. 800ರ 796 ಸಿಸಿ ಜಾಗದಲ್ಲಿ ಝೆನ್‌ನ 993 ಸಿಸಿ ಇಟ್ಟರೆ ಮೂರು ಸಿಲಿಂಡರ್ ಇದ್ದಲ್ಲಿ ನಾಲ್ಕು ಬರುತ್ತದೆ. ಮೌಂಟಿಂಗ್, ರೇಡಿಯೇಟರ್, ವೈರಿಂಗ್ ಎಲ್ಲವನ್ನೂ ಮತ್ತೆ ನೋಡಬೇಕು. ಖರ್ಚು ಜಾಸ್ತಿಯೇ ಅಲ್ವಾ?

ಗುಜರಿಯಿಂದ ಬಿಲ್ ಇಲ್ಲದ ಇಂಜಿನ್ ಸುಮ್ನೆ ತರಬೇಡಿ. ಅದು ಕದ್ದ ಗಾಡಿಯದ್ದಾಗಿದ್ದರೆ ತೊಂದರೆ ನಿಮಗೇ. ನಂಬರ್ ತಾಳೆಯಾಗದಿದ್ದರೆ ಅಪಘಾತವಾದಾಗ ವಿಮೆಯ ಕ್ಲೇಮ್ ಕೂಡ ನಿಂತುಹೋಗಬಹುದು.